ಬಿಎಸ್ಸಿ ಮಾಡಿದರೆ ಎಂತ ಸಿಗ್ತದೆ?

ಪತ್ರ: ನಾನು ಮಲ್ಪೆಯಲ್ಲಿ ಬೋಟಿಗೆ ಹೋಗುವವನು. ಮಗಳು ಪಿಯುಸಿ ಸೈನ್ಸಿನಲ್ಲಿ ಒಳ್ಳೆಯ ಅಂಕ ತೆಗೆದಿದ್ದಾಳೆ. ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದಿ ಸಮುದ್ರದ ಬಗ್ಗೆ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನೆಂಟರೆಲ್ಲ "ಬಿಎಸ್ಸಿ ಮಾಡಿದರೆ ಎಂತ ಸಿಗ್ತದೆ? ನರ್ಸಿಂಗಿಗಾದರೂ ಹಾಕು" ಅನ್ನುತ್ತಾರೆ. ಸಮುದ್ರ ತಿಳಿಯಲಿಕ್ಕೆ ಕಾಲೇಜು ಯಾಕೆ ಅಂತ ನನಗೂ ಅನಿಸುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಮಲ್ಪೆ

ನಮಸ್ಕಾರ. ಮಗಳನ್ನು ಬಿಎಸ್ಸಿಗೆ ಸೇರಿಸಿ ಅಂತ ಮೊದಲೇ ಹೇಳಿಬಿಡುತ್ತೇನೆ. ಯಾಕೆ ಅನ್ನುವುದಕ್ಕೆ ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡೋಣ.

ಕಲ್ಲೂರು ಮೀನಿನ ತಲೆಯೊಳಗೆ ಬಿಳಿ ಕಲ್ಲು ಇರುವುದು ನಿಮಗೆ ಗೊತ್ತೇ ಇದೆ. ಬಂಗುಡೆ, ಭೂತಾಯಿ ಮೀನುಗಳಲ್ಲೂ ಅಂಥ ಕಲ್ಲು ಇದೆ, ತೀರಾ ಸಣ್ಣದು. ಅದು ಮೀನಿನ ಒಳಕಿವಿಯ ಭಾಗ. ಶಬ್ದ ತಿಳಿಯಲು, ನೀರಿನಲ್ಲಿ ಮೈ ವಾಲದ ಹಾಗೆ ಇರಲು ಅದು ಬೇಕು. ಮೀನು ಬೆಳೆದ ಹಾಗೆ ಕಲ್ಲಿನ ಮೇಲೂ ಪದರ ಪದರವಾಗಿ ಸುಣ್ಣ ಕೂಡುತ್ತದೆ. ತೆಳ್ಳಗೆ ಉಜ್ಜಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಉಂಗುರಗಳು ಕಾಣುತ್ತವೆ. ಮರಿಮೀನುಗಳಲ್ಲಿ ಸಾಮಾನ್ಯವಾಗಿ ದಿನಕ್ಕೊಂದು ಉಂಗುರ. ಎಣಿಸಿದರೆ ಮರಿಗೆ ಎಷ್ಟು ದಿನ ಅಂತ ಗೊತ್ತಾಗುತ್ತದೆ. ಹಿಡಿದ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಹುಟ್ಟಿದ ಕಾಲವೂ ಸಿಗುತ್ತದೆ. ಮೀನು ಮೊಟ್ಟೆಯಿಡುವ ಕಾಲ ಅಂತ ಸರ್ಕಾರ ಮೀನುಗಾರಿಕೆ ನಿಲ್ಲಿಸುವುದರಿಂದ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಮ್ಮ ಬೋಟು ದಡದಲ್ಲಿ ನಿಲ್ಲುತ್ತದಲ್ವಾ? ಆ ದಿನಗಳು ಸರಿಯೋ, ಹಿಂದೆ ಮುಂದೆ ಆಗಬೇಕೋ ಅನ್ನುವ ವಾದಕ್ಕೆ ಇಂಥ ಲೆಕ್ಕ ಬೇಕು. ಬರೀ ಬಾಯಿಮಾತಿನಲ್ಲಿ ಅದು ಮುಗಿಯುವುದಿಲ್ಲ.

ಭೂತಾಯಿ ಒಂದು ವರ್ಷ ರಾಶಿ ಬೀಳುತ್ತದೆ, ಇನ್ನೊಂದು ವರ್ಷ ಕಾಣುವುದೇ ಇಲ್ಲ. ಮಳೆಗಾಲದ ಗಾಳಿಗೆ ಮೇಲಿನ ನೀರು ದಡದಿಂದ ಆಚೆ ಸರಿಯುತ್ತದೆ, ಆ ಜಾಗಕ್ಕೆ ಅಡಿಯ ತಣ್ಣೀರು ಏರಿ ಬರುತ್ತದೆ. ಅದರ ಜೊತೆ ಬರುವ ಪೋಷಕಾಂಶದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಜಾಸ್ತಿಯಾಗುತ್ತದೆ. ಭೂತಾಯಿಗೆ ಅದೇ ಊಟ. ನೀರಿನ ಬಿಸಿ, ಗಾಳಿಯ ಜೋರು, ಮರಿಗೆ ಸಿಕ್ಕ ಆಹಾರ, ನಾವು ಹಿಡಿದ ಪ್ರಮಾಣ ಎಲ್ಲವೂ ಇದರಲ್ಲಿ ಸೇರಿವೆ. ಇದನ್ನು ಬಿಡಿಸಲು ಭೌತಶಾಸ್ತ್ರ, ರಸಾಯನಶಾಸ್ತ್ರ, ಲೆಕ್ಕ ಎಲ್ಲ ಬೇಕು. ಬೋಟಿನಲ್ಲಿ ನೀವು ಕಲಿತದ್ದು ದೊಡ್ಡ ವಿದ್ಯೆಯೇ. ನಿಮ್ಮ ಮಗಳು ಕೇಳುತ್ತಿರುವುದು ಅದರ ಮುಂದಿನ ಪಾಠ.

ಇನ್ನು ದುಡ್ಡಿನ ಮಾತು. ಬರೀ ಬಿಎಸ್ಸಿಗೆ ಕೆಲಸ ಕಡಿಮೆ, ಸಂಬಳವೂ ಕಡಿಮೆ. ಇದನ್ನು ಮುಚ್ಚಿಡಬಾರದು. ಡಿಗ್ರಿ 3 ವರ್ಷ, ಎಂಎಸ್ಸಿ 2 ವರ್ಷ, ಸಂಶೋಧನೆ ಅಂತ ಹೊರಟರೆ ಮತ್ತೆ ನಾಲ್ಕೈದು ವರ್ಷ. ಅಷ್ಟು ಕಾಲ ಮನೆಯವರು ತಾಳಬೇಕು. ಆದರೆ ದಾರಿಯಲ್ಲಿ ಕೈ ಹಿಡಿಯುವುದೂ ಇದೆ. ಪಿಯುಸಿಯಲ್ಲಿ ಬೋರ್ಡಿನ ಮೇಲಿನ ಶೇಕಡಾ 1ರೊಳಗೆ ಬಂದವರು ವಿಜ್ಞಾನ ಓದಿದರೆ ಕೇಂದ್ರದ ಇನ್‌ಸ್ಪೈರ್ ಯೋಜನೆಯಲ್ಲಿ ವರ್ಷಕ್ಕೆ 80,000 ರೂಪಾಯಿವರೆಗೆ ಸಿಗುತ್ತದೆ. ಅವಳ ಅಂಕ ಅಷ್ಟಿದೆಯೋ ನೋಡಿ. ಮುಂದೆ ನೆಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್, ಸಿಕ್ಕಿ ಪಿಎಚ್‌ಡಿಗೆ ಸೇರಿದರೆ ಶುರುವಿಗೇ ತಿಂಗಳಿಗೆ 37,000 ರೂಪಾಯಿ. 2023ರಿಂದ ಇದೇ ದರ. ಬೇಗ ಕೆಲಸ ಬೇಕು, ಸಮುದ್ರವೂ ಬಿಡಬಾರದು ಅಂದರೆ ಮಂಗಳೂರಿನ ಮೀನುಗಾರಿಕಾ ಕಾಲೇಜು ಇದೆ, 1969ರದ್ದು. ಅಲ್ಲಿಯದು 4 ವರ್ಷದ ಬೇರೆಯೇ ಡಿಗ್ರಿ. ಅದನ್ನೂ ಅವಳ ಮುಂದಿಡಿ, ಆದರೆ ಆಯ್ಕೆ ಅವಳದೇ ಇರಲಿ.

ನರ್ಸಿಂಗ್ ಬಹಳ ಒಳ್ಳೆಯ ಕೆಲಸ, ಮನಸ್ಸಿದ್ದವರಿಗೆ. ಮನಸ್ಸಿಲ್ಲದವಳನ್ನು ಸುಮ್ನೆ ಅಲ್ಲಿ ತಳ್ಳಿದರೆ ಅವಳಿಗೂ ಕಷ್ಟ, ರೋಗಿಗೂ ಕಷ್ಟ. ನೆಂಟರು ಮತ್ತೆ ಕೇಳಿದರೆ ನಮ್ಮ ಅದಮಾರಿನ ಯು.ಆರ್. ರಾವ್ ಅವರ ಹೆಸರು ಹೇಳಿ. 1975ರಲ್ಲಿ ಆರ್ಯಭಟ ಉಪಗ್ರಹ ಮಾಡಿದ ತಂಡವನ್ನು ನಡೆಸಿದವರು ಅವರು. ಓದಿದ್ದು ಬಿಎಸ್ಸಿ, ಎಂಎಸ್ಸಿ, ಪಿಎಚ್‌ಡಿ. ಎಲ್ಲರೂ ಅವರಷ್ಟು ಎತ್ತರಕ್ಕೆ ಹೋಗುವುದಿಲ್ಲ, ನಿಜ. ದಾರಿ ಇದೆ ಅನ್ನುವುದಂತೂ ಗೊತ್ತಾಗುತ್ತದೆ.

ಮುಂದೆ ಎಂಎಸ್ಸಿಗೆ ಕಾರವಾರದಲ್ಲಿ ಕಡಲ ಜೀವಶಾಸ್ತ್ರ ವಿಭಾಗ ಇದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕಡಲಿನ ಭೂವಿಜ್ಞಾನ ಕಲಿಸುತ್ತಾರೆ. ಅದು ಆಮೇಲಿನ ಮಾತು. ಈಗ ಮುಖ್ಯ ಡಿಗ್ರಿ ಕಾಲೇಜು. ಅದನ್ನು ಕಟ್ಟಡ ನೋಡಿ, ಬಸ್ಸು ನೋಡಿ ಆರಿಸಬೇಡಿ. ವಿಜ್ಞಾನ ಕೈಯಿಂದ ಬರುವ ವಿದ್ಯೆ. ಬ್ಯೂರೆಟ್ ಅನ್ನುವ ಗಾಜಿನ ಅಳತೆ ಕೊಳವೆಯಿಂದ ಹನಿ ಹನಿ ಬಿಟ್ಟು, ಬಣ್ಣ ತಿರುಗುವ ಹನಿಗೆ ಸರಿಯಾಗಿ ನಿಲ್ಲಿಸಲು ಕೈ ಪಳಗಬೇಕು. ಒಬ್ಬ ಮಾಡುವುದನ್ನು ಹತ್ತು ಮಂದಿ ಸುತ್ತ ನಿಂತು ನೋಡಿದರೆ ಅದು ಬರುವುದಿಲ್ಲ.

ಬೋಟು ದಡದಲ್ಲಿರುವ ಈ ದಿನಗಳಲ್ಲೇ ಮಗಳ ಜೊತೆ ನೀವೂ ಎರಡು ಮೂರು ಕಾಲೇಜಿಗೆ ಹೋಗಿ ಬನ್ನಿ. ಲ್ಯಾಬ್ ತೋರಿಸಿ ಅಂತ ಕೇಳಿ. ಒಂದು ಮೈಕ್ರೋಸ್ಕೋಪಿಗೆ ಎಷ್ಟು ಮಕ್ಕಳು, ವರ್ಷಕ್ಕೆ ಎಷ್ಟು ಸಲ ಕಡಲತೀರಕ್ಕೋ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿಗೋ ಕರೆದುಕೊಂಡು ಹೋಗುತ್ತಾರೆ ಅಂತ ವಿಚಾರಿಸಿ. ಆಫೀಸಿನವರ ಬಳಿ ಅಲ್ಲ, ಅಲ್ಲಿ ಓದುತ್ತಿರುವ ಹುಡುಗಿಯರ ಬಳಿ.
– ಸಂಪಾದಕ