8×10 ಅಡಿ ಅಡುಗೆಮನೆ, ಅಲ್ಲೇ ನಾಲ್ವರ ಊಟ: ಕಡಿಮೆ ಖರ್ಚಿನಲ್ಲಿ ಹೊಸದು ಮಾಡುವುದು ಹೇಗೆ?

ನಿಮ್ಮ ಪ್ರಶ್ನೆಯಿಂದ ನನಗೆ ಗೊತ್ತಾದದ್ದು ಇಷ್ಟು: 8×10 ಅಡಿಯ ಕೋಣೆ, 10 ಅಡಿ ಗೋಡೆಯುದ್ದಕ್ಕೂ ಒಂದೇ ಕಟ್ಟೆ, ನಾಲ್ಕು ಜನ ಅಲ್ಲೇ ಕೂತು ಊಟ ಮಾಡಬೇಕು, ಕ್ಯಾಬಿನೆಟ್ ಬಾಗಿಲುಗಳು ಜೋತುಬಿದ್ದಿವೆ, ಎಲ್ಲ ಕಿತ್ತು ಹೊಸದಾಗಿ ಮಾಡಿಸುವಷ್ಟು ಹಣವಿಲ್ಲ. ಎಲ್ಲ ಕೀಳುವ ಅಗತ್ಯವೂ ನನಗೆ ಕಾಣುತ್ತಿಲ್ಲ. ಊಟದ ಜಾಗವನ್ನು ಮೊದಲು ಗೊತ್ತು ಮಾಡಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ. ಹೆಚ್ಚಿನವರು ಕ್ಯಾಬಿನೆಟ್ ಬಣ್ಣ ಆರಿಸುವುದರಿಂದ ಶುರು ಮಾಡಿ, ಮೇಜು ಎಲ್ಲಿಡುವುದು ಅಂತ ಕೊನೆಗೆ ತಲೆ ಕೆರೆದುಕೊಳ್ಳುತ್ತಾರೆ.

ಸಿಂಕ್ ಮತ್ತು ಒಲೆ ಈಗಿರುವ ಕಡೆಯೇ ಇರಲಿ. ಸಿಂಕಿನಿಂದ ಹೊರಹೋಗುವ ಪೈಪಿಗೆ ಪ್ರತಿ 4 ಅಡಿಗೆ 1 ಇಂಚಿನಷ್ಟು ಇಳಿಜಾರು ಬೇಕು. ಸಿಂಕನ್ನು 6 ಅಡಿ ಸರಿಸಿದರೆ ಒಂದೂವರೆ ಇಂಚು ಇಳಿತ ಹುಡುಕಬೇಕು, ಅಂದರೆ ಗೋಡೆಯನ್ನೋ ನೆಲವನ್ನೋ ಒಡೆಯಬೇಕು. ಇಳಿಜಾರು ಕಡಿಮೆಯಾದರೆ ಪೈಪಿನ ಒಳಗೆ ಜಿಡ್ಡು ನಿಂತು, ಬರಬರುತ್ತಾ ನೀರು ಕಟ್ಟಿಕೊಳ್ಳಲು ಶುರುವಾಗುತ್ತದೆ. ಗ್ಯಾಸ್ ಲೈನ್ ಮುಟ್ಟಿದರೆ ಪರವಾನಗಿ ಇರುವವರನ್ನೇ ಕರೆಸಬೇಕು, ಅದು ಬೇರೆ ಖರ್ಚು.

ಈಗ ಅಳತೆ. 8 ಅಡಿ ಅಗಲದಲ್ಲಿ ಕಟ್ಟೆ 2 ಅಡಿ ತಿನ್ನುತ್ತದೆ, ಉಳಿಯುವುದು 72 ಇಂಚು. ಎದುರು ಗೋಡೆಗೆ 30 ಇಂಚು ಅಗಲದ ಮೇಜು ಒತ್ತಿಟ್ಟು ಕಟ್ಟೆಯ ಕಡೆಗೆ ಕುರ್ಚಿ ಹಾಕಿದರೆ ನಡುವೆ 42 ಇಂಚು. ಕೂತವರಿಗೇ 20 ಇಂಚಾದರೂ ಬೇಕು. ಉಳಿದ 22 ಇಂಚಿನಲ್ಲಿ ಡ್ರಾಯರ್ ಎಳೆದರೆ ಕುರ್ಚಿಗೆ ಬಡಿಯುತ್ತದೆ, ಬಿಸಿ ಪಾತ್ರೆ ಹಿಡಿದವರು ಇನ್ನೊಬ್ಬರ ಬೆನ್ನಿಗೆ ತಾಗಿಕೊಂಡೇ ತಿರುಗಬೇಕು.

ಅದಕ್ಕೇ ಗೋಡೆಯ ಕಡೆಗೆ ಕುರ್ಚಿ ಬೇಡ, ಬೆಂಚ್ ಹಾಕಿ. ಬೆಂಚಿನ ಆಳ 18 ಇಂಚು, ಮೇಜಿನ ಅಗಲ 24 ಇಂಚು, ಮೇಜಿನ ಅಂಚು ಬೆಂಚಿನ ಮೇಲೆ 3 ಇಂಚು ಚಾಚಿರಲಿ. ಒಟ್ಟು 39 ಇಂಚು. ಕಟ್ಟೆಯ ಮುಂದೆ 33 ಇಂಚು ಉಳಿಯುತ್ತದೆ. ಒಬ್ಬರು ಅಡುಗೆ ಮಾಡಲು ಅಷ್ಟು ಸಾಕು, ಇಬ್ಬರು ಒಟ್ಟಿಗೆ ಮಾಡುವಾಗ ಇಕ್ಕಟ್ಟೇ. 4 ಅಡಿ ಉದ್ದದ ಮೇಜಾದರೆ ಬೆಂಚಿನಲ್ಲಿ ಇಬ್ಬರು, ಎರಡು ತುದಿಗೆ ಒಬ್ಬೊಬ್ಬರು. ತುದಿಯ ಕುರ್ಚಿ ಎಳೆದು ಏಳಲು ತಲಾ 30 ಇಂಚು ಬಿಟ್ಟರೂ ಒಟ್ಟು 9 ಅಡಿ, 10 ಅಡಿ ಗೋಡೆಯಲ್ಲಿ ಕೂರುತ್ತದೆ. ಆ ಗೋಡೆಯಲ್ಲೇ ಬಾಗಿಲಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಆಗ ಗೋಡೆಗೆ ಮಡಚುವ ಮೇಜೇ ಗತಿ. ಅದಕ್ಕೆ ಭಾರದ ಮಿತಿ ಬರೆದಿರುವ ಬ್ರಾಕೆಟ್ ತಗೊಳ್ಳಿ. ಗೋಡೆ ಟೊಳ್ಳಾಗಿದ್ದರೆ ಒಳಗಿನ ಚೌಕಟ್ಟಿಗೇ ಸ್ಕ್ರೂ ಹೋಗಬೇಕು, ಬರೀ ಹಲಗೆಗೆ ಹಾಕಿದರೆ ಯಾರಾದರೂ ಮೊಣಕೈ ಊರಿದ ದಿನ ಕಿತ್ತು ಬರುತ್ತದೆ.

ಏನನ್ನೂ ಕೊಳ್ಳುವ ಮೊದಲು ಈ ಅಳತೆಗಳನ್ನೆಲ್ಲ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಫ್ರಿಜ್ ಬಾಗಿಲು, ಕೋಣೆಯ ಬಾಗಿಲು, ಡ್ರಾಯರ್ ಎಲ್ಲ ಪೂರ್ತಿ ತೆರೆದು ನೋಡಿ. ಎರಡು ದಿನ ಆ ಗೆರೆ ದಾಟದೆ ಓಡಾಡಿದರೆ ಸರಿಹೋಗುತ್ತದೋ ಇಲ್ಲವೋ ತಿಳಿಯುತ್ತದೆ.

ಬೆಂಚ್ ಮಾಡಿಸುವಾಗ ಎರಡು ಮಾತು. ದಿಂಬು ಸೇರಿ ಕೂರುವ ಎತ್ತರ 18 ಇಂಚು, ಮೇಜಿನ ಎತ್ತರ 30 ಇಂಚು ಇರಲಿ. ಬೆಂಚಿನ ಕೆಳಗೆ ಸಾಮಾನಿಡಲು ಮೇಲಿನಿಂದ ತೆರೆಯುವ ಮುಚ್ಚಳ ಮಾಡಿಸಬೇಡಿ, ಎತ್ತಿದರೆ ಮೇಜಿನ ಅಂಚಿಗೆ ತಾಗುತ್ತದೆ. ಎರಡು ಪಕ್ಕಗಳಿಂದ ಎಳೆಯುವ ಉದ್ದನೆ ಡ್ರಾಯರ್ ಒಳ್ಳೆಯದು. ಮೇಜಿಗೂ ನಾಲ್ಕು ಮೂಲೆಗೆ ನಾಲ್ಕು ಕಾಲು ಬೇಡ, ಬೆಂಚಿಗೆ ನುಸುಳುವವರಿಗೆ ಅಡ್ಡ ಬರುತ್ತವೆ. ತುದಿಯಿಂದ 8–10 ಇಂಚು ಒಳಗೆ ಎರಡು ನಡುಗಾಲು, ಅವುಗಳ ಬುಡದಲ್ಲಿ ಅಗಲವಾದ ಪಾದ.

ಕ್ಯಾಬಿನೆಟ್ ವಿಷಯಕ್ಕೆ ಬಂದರೆ, ಸಿಂಕಿನ ಕೆಳಗಿನ ಪೆಟ್ಟಿಗೆಯ ತಳಕ್ಕೆ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಪೆಟ್ಟಿಗೆ ಉಳಿಸಿಕೊಳ್ಳಿ. ತುದಿ ಇಳಿದರೆ, ಹಲಗೆ ಉಬ್ಬಿ ಪುಡಿ ಉದುರುತ್ತಿದ್ದರೆ ಅದನ್ನು ಮಾತ್ರ ಮರೈನ್ ಪ್ಲೈನಲ್ಲಿ (ನೀರು ತಾಳುವ ಪ್ಲೈವುಡ್) ಹೊಸದಾಗಿ ಮಾಡಿಸಿ. ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡ್ ಒಣಗಿದರೂ ಹಳೆಯ ದಪ್ಪಕ್ಕೆ ಇಳಿಯುವುದಿಲ್ಲ. ಹೊಸ ಹಲಗೆಯ ಕೊಯ್ದ ಅಂಚುಗಳಿಗೆಲ್ಲ, ಕಣ್ಣಿಗೆ ಕಾಣದ ಕೆಳಗಿನ ಅಂಚಿಗೂ, ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ತೆಳು ಪಟ್ಟಿ) ಹಾಕಿಸಿ. ನೀರು ಒಳಹೋಗುವುದು ಅಲ್ಲಿಂದಲೇ.

ಜೋತ ಬಾಗಿಲುಗಳಲ್ಲಿ ಹಲವು ಹಿಂಜ್ ಸ್ಕ್ರೂ ಬಿಗಿ ಮಾಡಿದರೇ ಸರಿಹೋಗುತ್ತವೆ. ಬಾಗಿಲು ಮುಚ್ಚಿದಾಗ ಹೊರಗೆ ಕಾಣದ, ಒಳಗೆ ಕೂರುವ ಹಿಂಜ್ ಆಗಿದ್ದರೆ ಅದರಲ್ಲಿ ಮೂರು ಹೊಂದಾಣಿಕೆ ಇರುತ್ತದೆ: ಮುಂದಿನ ಸ್ಕ್ರೂ ತಿರುಗಿಸಿದರೆ ಬಾಗಿಲು ಎಡಬಲಕ್ಕೆ, ಹಿಂದಿನದು ಒಳಹೊರಗೆ, ಪೆಟ್ಟಿಗೆಯ ಬದಿಗೆ ಕೂರಿಸಿದ ಪಟ್ಟಿಯ ಸ್ಕ್ರೂ ಸಡಿಲಿಸಿದರೆ ಮೇಲೆ ಕೆಳಗೆ ಸರಿಯುತ್ತದೆ. ಕಾಲು ಸುತ್ತು ತಿರುಗಿಸಿ, ಮುಚ್ಚಿ ನೋಡಿ, ಮತ್ತೆ ತಿರುಗಿಸಿ. ಸ್ಕ್ರೂ ಸುಮ್ಮನೆ ಸುತ್ತುತ್ತಿದ್ದರೆ ತೂತು ಹಿಗ್ಗಿದೆ ಎಂದರ್ಥ. ಅಂಟು ಹಚ್ಚಿದ ಮರದ ಕಡ್ಡಿ ಬಡಿದು, ಒಣಗಿದ ಮೇಲೆ ಮೇಲ್ಮೈಗೆ ಸಮ ಕೊಯ್ದು, ಸಣ್ಣ ತೂತು ಕೊರೆದು ಸ್ಕ್ರೂ ಹಾಕಿ. ದೊಡ್ಡ ಸ್ಕ್ರೂ ತುರುಕಿದರೆ ಹಲಗೆ ಸೀಳುತ್ತದೆ. ಹಿಂಜ್ ಬದಲಿಸಲೇಬೇಕಾದರೆ ಹಳೆಯದನ್ನು ಬಿಚ್ಚಿ ಅಂಗಡಿಗೆ ಒಯ್ಯಿರಿ. ಬಾಗಿಲಿನ ತೂತಿನಲ್ಲಿ ಕೂರುವ ಹಿಂಜಿನ ದುಂಡು ಬಟ್ಟಲಿನ ಅಗಲ ಸಾಮಾನ್ಯವಾಗಿ 35 ಮಿ.ಮೀ. ಇರುತ್ತದೆ, ಆದರೆ ಬಾಗಿಲು ಪೆಟ್ಟಿಗೆಯ ಅಂಚನ್ನು ಪೂರ್ತಿ ಮುಚ್ಚುತ್ತದೋ, ಅರ್ಧವೋ, ಒಳಗೆ ಕೂರುತ್ತದೋ ಎಂಬುದರ ಮೇಲೆ ಹಿಂಜಿನ ತೋಳು ಬೇರೆ ಬೇರೆ. ಹ್ಯಾಂಡಲ್‌ಗೂ ತೂತಿಂದ ತೂತಿಗೆ ಅಳೆಯಿರಿ, 96 ಮತ್ತು 128 ಮಿ.ಮೀ. ಹೆಚ್ಚು ಸಿಗುತ್ತವೆ. ಹೊಸ ಡ್ರಾಯರ್‌ಗೆ ಬಾಲ್ ಬೇರಿಂಗ್ ಚಾನೆಲ್ (ಡ್ರಾಯರ್ ಜಾರುವ ಲೋಹದ ಹಳಿ) ಹಾಕುವುದಾದರೆ ಪ್ರತಿ ಬದಿಗೆ ಸುಮಾರು 13 ಮಿ.ಮೀ. ಬೇಕು, ಡ್ರಾಯರಿನ ಅಗಲ ಕಿಂಡಿಗಿಂತ 26 ಮಿ.ಮೀ. ಕಡಿಮೆ. ಇದರಲ್ಲಿ ಎರಡು ಮಿ.ಮೀ. ತಪ್ಪಿದರೂ ಡ್ರಾಯರ್ ಬಿಗಿಯಾಗುತ್ತದೆ, ಇಲ್ಲವೇ ಚಾನೆಲ್‌ನಿಂದ ಕಳಚಿಕೊಳ್ಳುತ್ತದೆ.

ಲ್ಯಾಮಿನೇಟ್ ಬಾಗಿಲಿಗೆ ಬಣ್ಣ ಬಳಿದರೆ ಸಿಪ್ಪೆ ಏಳುತ್ತದೆ ಅನ್ನುವ ದೂರು ನಿಜ, ಆದರೆ ಹೆಚ್ಚಾಗಿ ತಪ್ಪು ಬಣ್ಣದ್ದಲ್ಲ, ಕೆಳಗೆ ಉಳಿದ ಜಿಡ್ಡಿನದು. ಬಾಗಿಲು ಬಿಚ್ಚಿ, ಹಿಂಜ್ ಬಟ್ಟಲಿನೊಳಗೆ ನಂಬರ್ ಬರೆದು, ಜಿಡ್ಡು ತೆಗೆಯುವ ದ್ರಾವಣದಲ್ಲಿ ಎರಡು ಸಲ ತೊಳೆದು ಒಣಗಿಸಿ. ಆಮೇಲೆ 180 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಹೊಳಪು ಹೋಗುವವರೆಗೆ ಉಜ್ಜಿ. ತೊಳೆಯುವ ಮೊದಲೇ ಉಜ್ಜಿದರೆ ಜಿಡ್ಡನ್ನು ಗೀರುಗಳೊಳಗೆ ತುಂಬಿದಂತಾಗುತ್ತದೆ. ನುಣುಪಾದ ಮೇಲ್ಮೈಗೆ ಹಿಡಿಯುವ ಪ್ರೈಮರ್ ಒಂದು ಕೋಟ್, ಹಗುರವಾಗಿ 240ರಲ್ಲಿ ಉಜ್ಜುವುದು, ಬಳಿಕ ತೆಳುವಾಗಿ ಎರಡು ಕೋಟ್ ಎನಾಮಲ್. ಮುಟ್ಟಿದರೆ ಒಣಗಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ಎರಡು ಮೂರು ವಾರ ಬೇಕು, ಅಲ್ಲಿವರೆಗೆ ಒದ್ದೆ ಬಟ್ಟೆಯಲ್ಲಿ ತಿಕ್ಕಬೇಡಿ. ಮನೆ ತುಂಬ ಹಳೆಯದಾಗಿದ್ದು ಮರಕ್ಕೆ ಪದರ ಪದರವಾಗಿ ಬಣ್ಣವಿದ್ದರೆ ಒಣ ಉಜ್ಜುವುದೇ ಬೇಡ, ಹಳೆಯ ಬಣ್ಣದಲ್ಲಿ ಸೀಸ ಇರಬಹುದು.

ಗೋಡೆಯ ಟೈಲ್ಸನ್ನು ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದವನ್ನು ಮಾತ್ರ ಕಿತ್ತು ಸಮ ಮಾಡಿ, ಉಳಿದವುಗಳ ಮೇಲೆಯೇ, ಟೈಲ್ ಮೇಲೆ ಟೈಲ್‌ಗೆಂದೇ ಇರುವ ಅಂಟಿನಿಂದ ಹೊಸದು ಹಚ್ಚಬಹುದು. ಇದರಿಂದ ಗೋಡೆ ಅರ್ಧ ಇಂಚಿನಷ್ಟು ದಪ್ಪವಾಗಿ ಸ್ವಿಚ್ ಬೋರ್ಡ್ ಒಳಗೆ ಹೋಗುತ್ತದೆ, ಉದ್ದನೆ ಸ್ಕ್ರೂ ತಂದಿಟ್ಟುಕೊಳ್ಳಿ. ಕಟ್ಟೆ ಮತ್ತು ಗೋಡೆ ಸೇರುವ ಸಂದಿಗೆ ಗ್ರೌಟ್ (ಟೈಲ್ಸ್ ಸಂದಿಗೆ ತುಂಬುವ ಗಾರೆ) ತುಂಬಬೇಡಿ. ಎರಡೂ ಬೇರೆ ಬೇರೆಯಾಗಿ ಅಲುಗುವುದರಿಂದ ಬಿರುಕು ಬಿಡುತ್ತದೆ, ಅಲ್ಲಿಗೆ ರಬ್ಬರಿನಂತೆ ಬಾಗುವ ಸಿಲಿಕೋನ್.

ಉಳಿದ ಹಣದಲ್ಲಿ ಬೆಳಕಿಗೆ ಸ್ವಲ್ಪ ಎತ್ತಿಡಿ. ಕಡಿಮೆ ದುಡ್ಡಿಗೆ ಇಷ್ಟು ಬದಲಾವಣೆ ತರುವುದು ಬೇರೆ ಇಲ್ಲ. ಮೇಲಿನ ಕ್ಯಾಬಿನೆಟ್ಟಿನ ತಳದಲ್ಲಿ, ಮುಂದಿನ ಅಂಚಿನ ಹತ್ತಿರ, ಅಲ್ಯೂಮಿನಿಯಂ ಪಟ್ಟಿಯೊಳಗೆ ಎಲ್‌ಇಡಿ ಸ್ಟ್ರಿಪ್ ಹಾಕಿ. ಗೋಡೆಯ ಹತ್ತಿರ ಹಾಕಿದರೆ ಗೋಡೆ ಬೆಳಗುತ್ತದೆ, ಹೆಚ್ಚುವ ಹಲಗೆ ಕತ್ತಲಾಗಿಯೇ ಇರುತ್ತದೆ. ಮೀಟರಿಗೆ 10 ವ್ಯಾಟಿನ ಸ್ಟ್ರಿಪ್ 2 ಮೀಟರ್ ಬೇಕಾದರೆ 20 ವ್ಯಾಟ್, ಅದಕ್ಕೆ 25ರಿಂದ 30 ವ್ಯಾಟಿನ ಡ್ರೈವರ್ (ಸ್ಟ್ರಿಪ್‌ಗೆ ತಕ್ಕಂತೆ ಕರೆಂಟ್ ಕೊಡುವ ಡಬ್ಬಿ). ಸರಿಯಾಗಿ 20 ವ್ಯಾಟಿನದೇ ಹಾಕಿದರೆ ಬಿಸಿಯಾಗಿ ಬೇಗ ಹೋಗುತ್ತದೆ. ಮೇಜಿನ ಮೇಲೆ ತೂಗುದೀಪ ಹಾಕುವುದಾದರೆ ಅದರ ಕೆಳಗಿನ ಅಂಚು ಮೇಜಿನಿಂದ 28–32 ಇಂಚು ಮೇಲಿರಲಿ.

ಕೆಲಸದ ಕ್ರಮ: ಒಡೆಯುವುದು, ಪ್ಲಂಬಿಂಗ್ ಮತ್ತು ವೈರಿಂಗ್, ಕ್ಯಾಬಿನೆಟ್ ದುರಸ್ತಿ, ಕಟ್ಟೆ, ಟೈಲ್ಸ್, ಗೋಡೆ ಬಣ್ಣ, ದೀಪ, ಕೊನೆಗೆ ಬೆಂಚ್ ಮತ್ತು ಮೇಜು. ಕಟ್ಟೆಯ ಕಲ್ಲು ಬದಲಿಸುವುದಿದ್ದರೆ ಪೆಟ್ಟಿಗೆಗಳು ಲೆವೆಲ್ ಆಗಿ ಕೂತ ಮೇಲಷ್ಟೇ ಅಳತೆ ಕೊಡಿ. ಒಟ್ಟು ಬಜೆಟ್ಟಿನ ಶೇ. 15ರಷ್ಟನ್ನು ಮುಟ್ಟದೆ ಇಡಿ, ಸಿಂಕಿನ ಹಿಂದಿನ ಗೋಡೆ ಒಡೆದಾಗ ತೇವವೋ ತುಕ್ಕು ಹಿಡಿದ ಪೈಪೋ ಸಿಕ್ಕರೆ ಬೇಕಾಗುತ್ತದೆ.