ಐದು ಕೆಜಿ ಇಳಿದರೆ ಬೈನಾಕ್ಯುಲರ್: ಬಹುಮಾನವನ್ನು ಹೇಗೆ ಕಟ್ಟಿಕೊಳ್ಳಬೇಕು, ಯಾವುದನ್ನು ಕೊಳ್ಳಬೇಕು?

ತೂಕ 86 ಕೆಜಿ, ಗುರಿ 74, ಮೊದಲ 5 ಕೆಜಿ ಇಳಿದ ದಿನ ಬೈನಾಕ್ಯುಲರ್ ಕೊಳ್ಳುತ್ತೀನಿ, ಅಲ್ಲಿಯವರೆಗೆ ಪಕ್ಷಿ ನೋಡಲು ಹೋಗುವುದೇ ಇಲ್ಲ ಅಂತ ಪಣ ತೊಟ್ಟಿದ್ದೀನಿ, ಇದು ಸರಿಯೇ ಎಂದು ಕೇಳಿದ್ದೀರಿ. ಬೈನಾಕ್ಯುಲರ್ ಒಳ್ಳೆಯ ಆಯ್ಕೆ. ಪಕ್ಷಿ ನೋಡಲು ಹೋಗುವುದಿಲ್ಲ ಎಂಬ ಭಾಗವನ್ನು ಮಾತ್ರ ಇವತ್ತೇ ಕೈಬಿಡಿ.

ಹವ್ಯಾಸವನ್ನೇ ಒತ್ತೆ ಇಟ್ಟರೆ ಮೊದಲು ಕೆಡುವುದು ಭಾನುವಾರ. ಕೆರೆ ಏರಿ ಮೇಲೆ ಕಳೆಯಬೇಕಾಗಿದ್ದ ಬೆಳಗಿನ ಎರಡು ಗಂಟೆ ಮನೆಯಲ್ಲೇ ಉಳಿಯುತ್ತದೆ, ಖಾಲಿ ಕೂತ ಹೊತ್ತಿನಲ್ಲಿ ಕೈ ಹೋಗುವುದು ಡಬ್ಬಿಗಳ ಕಡೆಗೆ. ತೂಕ ಇಳಿಸುವ ತಿಂಗಳುಗಳಲ್ಲಿ ತಿನ್ನುವುದರ ಹೊರತಾದ ಸಂತೋಷ ಎಷ್ಟಿದ್ದರೂ ಬೇಕು, ಅದನ್ನೇ ಕಡಿತ ಮಾಡಬಾರದು. ಬಹುಮಾನವೆಂದರೆ ಈಗಾಗಲೇ ಇರುವ ಹವ್ಯಾಸಕ್ಕೆ ಹೊಸದೊಂದು ಸೇರಬೇಕು. ಬರಿಗಣ್ಣಿನಲ್ಲೇ ಮಡಿವಾಳ ಹಕ್ಕಿ, ಪಿಕಳಾರ, ಮಿಂಚುಳ್ಳಿಗಳನ್ನು ನೋಡುತ್ತಿರಿ. ಬೈನಾಕ್ಯುಲರ್ ಬಂದಾಗ ಅದೇ ಹಕ್ಕಿಗಳ ಕಣ್ಣಿನ ಬಣ್ಣ ಕಾಣುತ್ತದೆ.

ಹಾಗೆಯೇ ಇದರ ಉಲ್ಟಾ ತಪ್ಪೂ ಇದೆ. ಪಕ್ಷಿವೀಕ್ಷಣೆಯನ್ನು ವ್ಯಾಯಾಮದ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ 'ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆ' ಎಂದು ಮೊದಲೇ ಹೇಳಿದಾಗ, ಆಮೇಲೆ ಆ ಮಕ್ಕಳು ತಾವಾಗಿ ಚಿತ್ರ ಬಿಡಿಸುವುದೇ ಕಡಿಮೆಯಾಯಿತು ಎಂದು ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು 1973ರಲ್ಲೇ ತೋರಿಸಿದ್ದರು. ಇಷ್ಟದ ಕೆಲಸಕ್ಕೆ ಕೂಲಿ ಕಟ್ಟಬಾರದು. ಅಲ್ಲದೆ ನಿಂತು ನಿಂತು ನಡೆಯುವ ಪಕ್ಷಿವೀಕ್ಷಣೆಯಲ್ಲಿ ಖರ್ಚಾಗುವ ಶಕ್ತಿ ಸುಮ್ಮನೆ ಕೂತಿರುವುದರ ಎರಡೂವರೆ ಪಟ್ಟು ಮಾತ್ರ, ಬಿರುಸು ನಡಿಗೆಯಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು. ಹಕ್ಕಿ ನೋಡುವುದು ಹಕ್ಕಿಗಾಗಿಯೇ ಇರಲಿ, ಬಿರುಸು ನಡಿಗೆ ಬೇರೆಯೇ ಇರಲಿ.

ಇನ್ನು '5 ಕೆಜಿ ಇಳಿದ ದಿನ' ಎಂದರೆ ಯಾವ ದಿನ? ತೂಕ ಒಂದೇ ವಾರದಲ್ಲಿ ಒಂದೆರಡು ಕೆಜಿ ಮೇಲೆ ಕೆಳಗೆ ಆಡುವುದು ಸಾಮಾನ್ಯ. ದೇಹದಲ್ಲಿ ಶೇಖರವಾಗಿರುವ ಗ್ಲೈಕೋಜೆನ್ ಗ್ರಾಂ ಒಂದಕ್ಕೆ ಸುಮಾರು 3 ಗ್ರಾಂ ನೀರು ಹಿಡಿದಿಟ್ಟುಕೊಳ್ಳುತ್ತದೆ. ಅನ್ನ, ಮುದ್ದೆ ಕಡಿಮೆ ಮಾಡಿದ ಮೊದಲ ವಾರ ಸರ್ರನೆ ಇಳಿಯುವುದರಲ್ಲಿ ಹೆಚ್ಚಿನದು ಈ ನೀರು. ಮದುವೆ ಊಟದ ಉಪ್ಪಿನಕಾಯಿ, ಹಪ್ಪಳದ ಮರುದಿನ ಏರುವುದೂ ನೀರೇ. ಹೆಣ್ಣುಮಕ್ಕಳಿಗೆ ಮುಟ್ಟಿನ ಮುಂಚಿನ ದಿನಗಳಲ್ಲೂ ಹೀಗೆಯೇ. ಆದ್ದರಿಂದ ಒಂದು ದಿನದ ಅಂಕಿಗೆ ಬಹುಮಾನ ಕಟ್ಟಬೇಡಿ. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಕಾಫಿಗೆ ಮುಂಚೆ, ತೆಳುವಾದ ಬಟ್ಟೆಯಲ್ಲಿ, ಗಟ್ಟಿ ನೆಲದ ಮೇಲೆ ಇಟ್ಟ ತಕ್ಕಡಿಯಲ್ಲಿ ದಿನಾ ತೂಗಿ. ಚಾಪೆ ಅಥವಾ ಮ್ಯಾಟ್ ಮೇಲಿಟ್ಟರೆ ತಕ್ಕಡಿ ತಪ್ಪು ತೋರಿಸುತ್ತದೆ. ಏಳು ದಿನದ ಅಂಕಿ ಕೂಡಿಸಿ ಏಳರಿಂದ ಭಾಗಿಸಿ. ಆ ಸರಾಸರಿ ಸತತ ಎರಡು ವಾರ ಬಹುಮಾನಕ್ಕೆಂದು ಇಟ್ಟ ತೂಕದ ಗೆರೆಯ ಕೆಳಗಿದ್ದರೆ ಒಂದು ಮೆಟ್ಟಿಲು ದಾಟಿದ ಹಾಗೆ.

ಈ ಎರಡು ವಾರದ ಷರತ್ತು ಇಲ್ಲದಿದ್ದರೆ ಏನಾಗುತ್ತದೆ ಅಂದರೆ, ಗೆರೆಗೆ ಅರ್ಧ ಕೆಜಿ ಉಳಿದಿರುವಾಗ ಜನ ಎರಡು ದಿನ ಉಪವಾಸ ಬೀಳುತ್ತಾರೆ, ನೀರು ಕುಡಿಯುವುದನ್ನೂ ಬಿಡುತ್ತಾರೆ, ಅಂಕಿ ಕಂಡ ಕೂಡಲೇ ಆರ್ಡರ್ ಹಾಕುತ್ತಾರೆ. ನಾಲ್ಕೇ ದಿನದಲ್ಲಿ ತೂಕ ವಾಪಸ್. ಬಹುಮಾನ ಸಿಕ್ಕಿದ್ದು ಉಪವಾಸಕ್ಕೆ, ಮೂರು ತಿಂಗಳ ಶಿಸ್ತಿಗಲ್ಲ.

ಮೆಟ್ಟಿಲುಗಳನ್ನು ದುಂಡು ಅಂಕಿಗಿಂತ ಶೇಕಡಾವಾರಿನಲ್ಲಿ ಇಡುವುದು ನನಗೆ ಸರಿ ಕಾಣುತ್ತದೆ. ನಿಮ್ಮ 86ರಲ್ಲಿ ಶೇ 5 ಎಂದರೆ 4.3 ಕೆಜಿ, ಗೆರೆ 81.7. ಶೇ 7ಕ್ಕೆ ಗೆರೆ 80. ಶೇ 10ಕ್ಕೆ 77.4. ಈ ಅಂಕಿಗಳಿಗೆ ಅರ್ಥವಿದೆ. ಅಮೆರಿಕದಲ್ಲಿ ಮಧುಮೇಹದ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 7 ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ಚಟುವಟಿಕೆಯ ಗುರಿ ಕೊಟ್ಟ ಗುಂಪಿನಲ್ಲಿ ಮಧುಮೇಹ ಬರುವುದು ಶೇ 58ರಷ್ಟು ಕಡಿಮೆಯಾಗಿತ್ತು. ಬೈನಾಕ್ಯುಲರಿಗೆ ನಾನು ಸೂಚಿಸುವ ಗೆರೆ ಈ 80. ವಾರಕ್ಕೆ ಅರ್ಧ ಕೆಜಿಯ ಲೆಕ್ಕದಲ್ಲಿ ಮೂರು ತಿಂಗಳ ದಾರಿ.

ಹಣವನ್ನು ಮಾತ್ರ ತೂಕಕ್ಕೆ ಕಟ್ಟಬೇಡಿ, ದಿನಚರಿಗೆ ಕಟ್ಟಿ. ಎರಡೇ ನಿಯಮ ಇಟ್ಟುಕೊಳ್ಳಿ: 30 ನಿಮಿಷ ಬಿರುಸು ನಡಿಗೆ, ಸಂಜೆ ಕರಿದ ತಿಂಡಿ ಇಲ್ಲ. ಎರಡೂ ಆದ ದಿನ ಕ್ಯಾಲೆಂಡರಿನಲ್ಲಿ ಒಂದು ಟಿಕ್, ಡಬ್ಬಿಗೆ 150 ರೂಪಾಯಿ. ಒಂದು ತಪ್ಪಿದರೂ ಆ ದಿನ ಏನೂ ಇಲ್ಲ, ಆದರೆ ಹಾಕಿದ್ದನ್ನು ತೆಗೆಯುವುದು ಬೇಡ. 80 ಟಿಕ್ ಆದರೆ 12,000 ರೂಪಾಯಿ. ವಾರಕ್ಕೆ ಆರು ದಿನ ನಡೆದರೆ ಹದಿಮೂರು-ಹದಿನಾಲ್ಕು ವಾರಕ್ಕೆ ಡಬ್ಬಿ ತುಂಬುತ್ತದೆ, ತೂಕವೂ ಅಷ್ಟು ಹೊತ್ತಿಗೆ 80ರ ಹತ್ತಿರ ಇರಬೇಕು. 80 ಟಿಕ್ ಆದರೂ ತೂಕ ಗೆರೆ ಮುಟ್ಟಿರದಿದ್ದರೆ? ಕೊಂಡುಬಿಡಿ. ನಿಮ್ಮ ಕೈಯಲ್ಲಿದ್ದ ಕೆಲಸ ನೀವು ಮಾಡಿದ್ದೀರಿ. ಆಮೇಲೆ ತಟ್ಟೆಯ ಅಳತೆ ನೋಡಿ, ಅಡುಗೆಗೆ ತಿಂಗಳಿಗೆ ಎಷ್ಟು ಎಣ್ಣೆ ಖರ್ಚಾಗುತ್ತಿದೆ ಅಳೆಯಿರಿ, ವೈದ್ಯರ ಬಳಿ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮಾಡಲೇಬಾರದ ಕೆಲಸ ಒಂದಿದೆ: ಇಎಂಐ ಮೇಲೆ ಮೊದಲೇ ತಂದು, ತೂಕ ಇಳಿಸಿ ತೀರಿಸುತ್ತೀನಿ ಅನ್ನುವುದು. ವಸ್ತು ಕೈಗೆ ಬಂದ ಮೇಲೆ ಅದು ಬಹುಮಾನವಾಗಿ ಉಳಿಯುವುದಿಲ್ಲ, ಸಾಲವಾಗುತ್ತದೆ.

ಮೂರು ತಿಂಗಳು ಬರಿಗೈಯಲ್ಲಿ ಕಾಯುವುದೂ ಕಷ್ಟ. ನಡುವೆ ಚಿಕ್ಕವು ಇರಲಿ. ಮೊದಲ 2 ಕೆಜಿಗೆ ಜೇಬಿಗೆ ಹಿಡಿಸುವ ಗಟ್ಟಿ ರಟ್ಟಿನ ನೋಟ್‌ಬುಕ್ ಮತ್ತು ಪೆನ್ಸಿಲ್, ಯಾಕೆಂದರೆ ಇಬ್ಬನಿಯಲ್ಲಿ ಪೆನ್ನಿನ ಶಾಯಿ ಹರಡುತ್ತದೆ. 81.7ಕ್ಕೆ ಒಂದು ಫೀಲ್ಡ್ ಗೈಡ್, ಅಂದರೆ ಹಕ್ಕಿ ಗುರುತಿಸಲು ಜೊತೆಯಲ್ಲಿ ಒಯ್ಯುವ ಪುಸ್ತಕ. ಫೋಟೋಗಳದ್ದಲ್ಲ, ಕೈಯಲ್ಲಿ ಬರೆದ ಚಿತ್ರಗಳಿರುವುದು. ಫೋಟೋದಲ್ಲಿ ಹಕ್ಕಿ ಬಿಸಿಲಿಗೆ, ನೆರಳಿಗೆ ಬೇರೆ ಬೇರೆಯಾಗಿ ಕಾಣುತ್ತದೆ. ಬರೆದ ಚಿತ್ರದಲ್ಲಿ ಒಂದೇ ಭಂಗಿಯಲ್ಲಿ ಒಂದನ್ನೊಂದು ಹೋಲುವ ಹತ್ತಾರು ಪುಟ್ಟ ಉಲಿಯಕ್ಕಿಗಳನ್ನು ಪಕ್ಕಪಕ್ಕ ಇಟ್ಟು ವ್ಯತ್ಯಾಸ ನೋಡಬಹುದು. ಹಕ್ಕಿ ಗುರುತಿಸಲು ನೆರವಾಗುವ ಮರ್ಲಿನ್, ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಆ್ಯಪ್‌ಗಳು ಉಚಿತ, ಅವನ್ನು ಬಹುಮಾನದ ಪಟ್ಟಿಗೆ ಸೇರಿಸದೆ ಇವತ್ತೇ ಹಾಕಿಕೊಳ್ಳಿ.

ಈಗ ಬೈನಾಕ್ಯುಲರ್. 8×42 ತಗೊಳ್ಳಿ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತದ ಅಗಲ: 8×42ರಲ್ಲಿ 5.25 ಮಿ.ಮೀ., ಜೇಬಿನ 8×25ರಲ್ಲಿ 3.1. ಹಕ್ಕಿಗಳು ಚುರುಕಾಗಿರುವ ಮುಂಜಾನೆಯ ಮಬ್ಬಿನಲ್ಲಿ ಈ ವ್ಯತ್ಯಾಸ ದೊಡ್ಡದು. 10×42ರಲ್ಲಿ ಹಕ್ಕಿ ದೊಡ್ಡದಾಗಿ ಕಾಣುವುದು ನಿಜ, ಆದರೆ ಕೈನಡುಕವೂ ಅಷ್ಟೇ ದೊಡ್ಡದಾಗುತ್ತದೆ, ನೋಟದ ಹರವು ಕಿರಿದಾಗುತ್ತದೆ. ಎಲೆಗಳ ನಡುವೆ ಹಾರಾಡುವ ಸೂರಕ್ಕಿಯನ್ನು ಹುಡುಕುವಷ್ಟರಲ್ಲಿ ಅದು ಹೋಗಿರುತ್ತದೆ. ಕೆರೆಯಾಚೆಯ ಬಾತುಗಳನ್ನೇ ಹೆಚ್ಚು ನೋಡುವವರಿಗೆ 10× ಸರಿ.

ಕನ್ನಡಕ ಹಾಕುವವರಾದರೆ ಐ ರಿಲೀಫ್ ಎಂಬ ಅಂಕಿ (ಪೂರ್ತಿ ನೋಟ ಕಾಣುವಂತೆ ಕಣ್ಣು ಮಸೂರದಿಂದ ಎಷ್ಟು ದೂರ ಇರಬಹುದು ಎಂಬುದು) 16 ಮಿ.ಮೀ.ಗಿಂತ ಕಡಿಮೆ ಇರಬಾರದು, ಐಕಪ್‌ಗಳನ್ನು, ಅಂದರೆ ಕಣ್ಣಿನ ಕಡೆಯ ಬಳೆಗಳನ್ನು, ಪೂರ್ತಿ ಒಳಗೆ ತಿರುಗಿಸಿ ನೋಡಬೇಕು. ಇಲ್ಲದಿದ್ದರೆ ಕೊಳವೆಯೊಳಗಿಂದ ನೋಡಿದಂತೆ ಸುತ್ತ ಕಪ್ಪು ಕಾಣುತ್ತದೆ. ಒಳಗೆ ಬೆಳಕನ್ನು ತಿರುಗಿಸುವ ಪ್ರಿಸಂ ಬಿಎಕೆ-4 ಎಂಬ ಉತ್ತಮ ಗಾಜಿನದೇ ಎಂದು ಕೇಳಿ. ಅಂಗಡಿಯಲ್ಲೇ ಪರೀಕ್ಷಿಸುವುದು ಸುಲಭ: ಬೈನಾಕ್ಯುಲರನ್ನು ಒಂದು ಅಡಿ ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿ ಹಿಂದಿನ ಮಸೂರದ ನಡುವಿನ ಬೆಳಕಿನ ಚುಕ್ಕೆ ನೋಡಿ. ದುಂಡಗಿದ್ದರೆ ಒಳ್ಳೆಯದು, ಅಂಚುಗಳು ಕತ್ತರಿಸಿದಂತೆ ಬೂದಾಗಿ ಚೌಕವಾಗಿದ್ದರೆ ಅದು ಬಿಕೆ-7 ಎಂಬ ಅಗ್ಗದ ಗಾಜು. ಆಮೇಲೆ ದೂರದ ಕರೆಂಟ್ ತಂತಿಯನ್ನು ನೋಡಿ. ಒಂದೇ ತಂತಿ ಎರಡಾಗಿ ಕಂಡರೆ, ಅಥವಾ ಎರಡು ನಿಮಿಷದಲ್ಲಿ ಹುಬ್ಬಿನ ನಡುವೆ ನೋವು ಶುರುವಾದರೆ, ಎರಡು ಕೊಳವೆಗಳು ಸಮಾನಾಂತರವಾಗಿಲ್ಲ ಎಂದರ್ಥ. ಅದನ್ನು ಮನೆಯಲ್ಲಿ ಸರಿಮಾಡಲಾಗದು, ಬೇರೆ ಕೇಳಿ. ಪ್ರವಾಸಿ ತಾಣಗಳ ಗಾಡಿಗಳಲ್ಲಿ ಕೆಂಪು ಮಸೂರದ್ದು, '30×60' ಎಂದು ಬರೆದದ್ದು ಸಿಗುತ್ತದಲ್ಲ, ಅದರ ಕಡೆ ನೋಡಲೇಬೇಡಿ. ಆ ಅಂಕಿಗಳು ಸುಳ್ಳು, ಕೆಂಪು ಲೇಪ ಹಕ್ಕಿಯ ಬಣ್ಣವನ್ನೇ ಕೆಡಿಸುತ್ತದೆ. ಹತ್ತರಿಂದ ಹದಿನೈದು ಸಾವಿರದಲ್ಲಿ ನಿಕಾನ್ ತರಹದ ಹೆಸರಿರುವ ಕಂಪನಿಯ 8×40 ಅಥವಾ 8×42 ಸಿಗುತ್ತದೆ. ಬೆಲೆ ಏರಿಳಿಯುತ್ತಿರುತ್ತದೆ. ಮಲೆನಾಡು, ಕರಾವಳಿಯವರು ಇನ್ನಷ್ಟು ಟಿಕ್ ಕೂಡಿಸಿಯಾದರೂ ಒಳಗೆ ಮಂಜು ಕಟ್ಟದಂತೆ ಸಾರಜನಕ ತುಂಬಿದ ವಾಟರ್‌ಪ್ರೂಫ್ ಮಾದರಿಯನ್ನೇ ಕೊಳ್ಳಬೇಕು.

ತಂದ ದಿನವೇ ಕಣ್ಣಿಗೆ ಹೊಂದಿಸಿ. ಒಳ್ಳೆಯ ಬೈನಾಕ್ಯುಲರ್ ಮೂಲೆ ಸೇರುವುದು ಬಹುಪಾಲು ಈ ಕೆಲಸ ಮಾಡದೆ. ಎರಡು ಕೊಳವೆಗಳನ್ನು ಮಡಚಿ ಬಿಡಿಸಿ ಎರಡೂ ಕಣ್ಣಿಗೆ ಸೇರಿ ಒಂದೇ ವೃತ್ತ ಕಾಣುವಂತೆ ಮಾಡಿ. ಬಲಗಡೆಯ ಮುಂದಿನ ಮಸೂರವನ್ನು ಮುಚ್ಚಿ, ಎಡಗಣ್ಣಿನಿಂದ ಇಪ್ಪತ್ತು ಮೀಟರ್ ಆಚೆಯ ಅಕ್ಷರವಿರುವ ಬೋರ್ಡ್ ನೋಡುತ್ತಾ ನಡುವಿನ ಚಕ್ರ ತಿರುಗಿಸಿ ಸ್ಪಷ್ಟ ಮಾಡಿ. ಈಗ ಎಡಗಡೆ ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಡಯಾಪ್ಟರ್ ಉಂಗುರ ಮಾತ್ರ ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿ. ಉಂಗುರ ನಿಂತ ಜಾಗವನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ, ಬೇರೆಯವರು ನೋಡಿ ಕೊಟ್ಟಾಗ ಅದು ಕದಲಿರುತ್ತದೆ.

ಮಳೆಗಾಲದಲ್ಲಿ ಶತ್ರು ಬೂಷ್ಟು. ಜೊತೆಗೆ ಬಂದ ಚೀಲದಲ್ಲಿ, ಬೀರುವಿನೊಳಗೆ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಹಾಕಿ ಇಡಿ, ಬಣ್ಣ ತಿರುಗಿದರೆ ಜೆಲ್ಲನ್ನು ಒಣಗಿಸಿ ಮತ್ತೆ ಹಾಕಿ. ಮಸೂರ ಒರೆಸುವಾಗ ಮೊದಲು ರಬ್ಬರ್ ಬ್ಲೋವರಿನಿಂದ ಧೂಳು ಊದಿ, ಆಮೇಲೆ ಬ್ರಷ್, ಕೊನೆಗೆ ಮೈಕ್ರೋಫೈಬರ್ ಬಟ್ಟೆ. ಅಂಗಿಯ ತುದಿಯಿಂದಲೋ ಸೆರಗಿನಿಂದಲೋ ಒರೆಸಿದರೆ ಧೂಳಿನ ಕಣವೇ ಲೇಪವನ್ನು ಗೀರುತ್ತದೆ.

ಇನ್ನೊಂದು ಹಳ್ಳ. ಗುಂಪಿನಲ್ಲಿ ಪಕ್ಷಿ ನೋಡಲು ಹೋದರೆ ಒಂಬತ್ತೂವರೆಗೆ ಎಲ್ಲರೂ ದರ್ಶಿನಿಗೆ ಹೊರಡುತ್ತಾರೆ. ಒಂದು ಮಸಾಲೆ ದೋಸೆ, ಎರಡು ವಡೆ, ಸಕ್ಕರೆ ಹಾಕಿದ ಕಾಫಿಗೆ ಬೆಳಗಿನ ನಡಿಗೆ ಪೂರ್ತಿ ವಜಾ ಆಗಿ ಮೇಲೂ ಉಳಿಯುತ್ತದೆ. ಜೊತೆಯಲ್ಲಿ ಕಡಲೆಕಾಳು ಉಸಲಿ ಅಥವಾ ಹೆಸರುಕಾಳು ಕೋಸಂಬರಿ ಒಯ್ಯಿರಿ, ಏಳೂವರೆಗೇ ತಿಂದುಬಿಡಿ. ಹಸಿವು ಇಲ್ಲದಿದ್ದರೆ ದರ್ಶಿನಿಯಲ್ಲಿ ಕಾಫಿ ಒಂದರಲ್ಲೇ ಕೂರಬಹುದು.

77.4ಕ್ಕೆ ಒಂದು ಪ್ರವಾಸ ಇಡಿ. ಆ ಗೆರೆ ಯಾವ ತಿಂಗಳಲ್ಲಿ ಬರಬಹುದೆಂದು ಲೆಕ್ಕ ಹಾಕಿ ಜಾಗ ಆರಿಸಿ, ಇಲ್ಲವಾದರೆ ಖಾಲಿ ಮರ ನೋಡಿ ಬರಬೇಕಾಗುತ್ತದೆ. ಜುಲೈನಿಂದ ಸೆಪ್ಟೆಂಬರ್ ಆದರೆ ಶಿವಮೊಗ್ಗ ಬಳಿ ತುಂಗಾ ನದಿಯ ಮಂಡಗದ್ದೆ, ಸೊರಬ ತಾಲೂಕಿನ ಗುಡವಿ. ಡಿಸೆಂಬರ್-ಜನವರಿ ಆದರೆ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು, ಈ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ರಂಗನತಿಟ್ಟು ಅಥವಾ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು. ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುವುದರಿಂದ ಬೈನಾಕ್ಯುಲರ್ ಬಳಕೆಗೆ ಅದಕ್ಕಿಂತ ಒಳ್ಳೆಯ ಶಾಲೆ ಸಿಗದು.

74 ಮುಟ್ಟಿದ ದಿನಕ್ಕೆ ಏನೂ ಇಡಬೇಡಿ ಎಂಬುದು ನನ್ನ ಸಲಹೆ. ಹಣದ ಆಸೆ ಕೊಟ್ಟು ತೂಕ ಇಳಿಸಿದ ಪ್ರಯೋಗವೊಂದು 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿತ್ತು. ಹದಿನಾರು ವಾರ ಜನ ಚೆನ್ನಾಗಿ ಇಳಿಸಿದರು, ಹಣ ನಿಂತ ಕೆಲವೇ ತಿಂಗಳಲ್ಲಿ ಬಹಳಷ್ಟು ವಾಪಸ್ ಬಂತು. ಹಾಗಾಗಿ ಕೊನೆಯ ಬಹುಮಾನ ಉಳಿಸಿಕೊಂಡಿದ್ದಕ್ಕೆ ಇರಲಿ: 74 ಮುಟ್ಟಿ ಆರು ತಿಂಗಳಾದ ಮೇಲೂ ವಾರದ ಸರಾಸರಿ 76 ದಾಟದಿದ್ದರೆ ಭುಜದ ಹಾರ್ನೆಸ್ ಪಟ್ಟಿ ಮತ್ತು ದಾಂಡೇಲಿ ಕಡೆಗೆ ಮಂಗಟ್ಟೆ ನೋಡಲು ಎರಡು ದಿನ. ಆರುನೂರು ಗ್ರಾಂ ಮೇಲ್ಪಟ್ಟ ಬೈನಾಕ್ಯುಲರ್ ಇಡೀ ದಿನ ಕತ್ತಿಗೆ ಜೋತುಬಿದ್ದರೆ ಹೆಗಲು ಹಿಡಿಯುತ್ತದೆ, ಹಾರ್ನೆಸ್ ಆ ಭಾರವನ್ನು ಬೆನ್ನಿಗೆ ಹಂಚುತ್ತದೆ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಊಟ ಕಡಿಮೆ ಮಾಡುವ ಮುಂಚೆ ಡೋಸ್ ಬಗ್ಗೆ ವೈದ್ಯರನ್ನು ಕೇಳಿ. ಖಾಲಿ ಹೊಟ್ಟೆಯಲ್ಲಿ ಕೆರೆ ಸುತ್ತುವಾಗ ಸಕ್ಕರೆ ಕುಸಿಯಬಹುದು, ಜೇಬಿನಲ್ಲಿ ಗ್ಲೂಕೋಸ್ ಇರಲಿ. ಊಟ ಬಿಟ್ಟು ಬಿಟ್ಟು ತಿನ್ನುವ, ತಿಂದಿದ್ದಕ್ಕೆ ತಮ್ಮನ್ನೇ ಶಿಕ್ಷಿಸಿಕೊಳ್ಳುವ ತೊಂದರೆ ಹಿಂದೆ ಇದ್ದವರು ತಕ್ಕಡಿಗೆ ಯಾವ ಬಹುಮಾನವನ್ನೂ ಕಟ್ಟಬಾರದು. ಅವರಿಗೆ 80 ಟಿಕ್‌ಗಳ ಕ್ಯಾಲೆಂಡರ್ ಒಂದೇ ಸಾಕು, ಅದರಲ್ಲೂ ತಿಂಡಿಯ ನಿಯಮ ಬಿಟ್ಟು ನಡಿಗೆಯದು ಮಾತ್ರ.