ಧರ್ಮವನ್ನು ಮೇಜರ್ ಆಗಿ ಓದಿದರೆ ನಂಬಿಕೆಯ ಗತಿಯೇನು, ಕೆಲಸದ ಗತಿಯೇನು?

ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜೊಂದರಲ್ಲಿ ಎರಡನೇ ವರ್ಷಕ್ಕೆ ಕಾಲಿಡುತ್ತಿದ್ದೀರಿ, ಧರ್ಮ ಅಧ್ಯಯನವನ್ನು ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಮಾಡಿಕೊಳ್ಳುವ ಆಸೆ ಹುಟ್ಟಿದೆ, ಮನೆಯವರು ‘ಪಾದ್ರಿಯಾಗಲು ಓದುತ್ತೀಯಾ?’ ಎಂದು ಗಾಬರಿಗೊಂಡಿದ್ದಾರೆ, ನಿಮಗೋ ಇರುವ ನಂಬಿಕೆಯೂ ಕೈಬಿಟ್ಟು ಹೋದೀತೆಂಬ ಅಳುಕು. ಇದೇ ನಿಮ್ಮ ಪ್ರಶ್ನೆ. ಅಂಥದೇ ಕಾಲೇಜಿನಲ್ಲಿ ಇದೇ ಮೇಜರ್ ಮುಗಿಸಿದವಳಾಗಿ ಉತ್ತರಿಸುತ್ತೇನೆ.

ಮನೆಯವರ ಗಾಬರಿಗೆ ಇತಿಹಾಸದಲ್ಲಿ ಆಧಾರವಿದೆ. ಅಲ್ಲಿನ ಹಳೆಯ ಕಾಲೇಜುಗಳಲ್ಲಿ ಅನೇಕವು ಚರ್ಚುಗಳ ಮಡಿಲಲ್ಲಿ ಹುಟ್ಟಿದಂಥವು. 1821ರಲ್ಲಿ ಆರಂಭವಾದ ಆಮ್‌ಹರ್ಸ್ಟ್ ಕಾಲೇಜಿನ ಮೂಲ ಉದ್ದೇಶವೇ ಬಡ ಯುವಕರನ್ನು ಕ್ರೈಸ್ತ ಪಾದ್ರಿಗಳಾಗಲು ಸಿದ್ಧಗೊಳಿಸುವುದಾಗಿತ್ತು. ಆದರೆ ಈಗ ಆ ಕೆಲಸ ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಗಳೆಂಬ ಬೇರೆ ಶಾಲೆಗಳದು. 1963ರ ಶೆಂಪ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸರ್ಕಾರಿ ಶಾಲೆಗಳು ಬೈಬಲ್ ಪಠಣ ನಡೆಸುವುದನ್ನು ತಡೆಯಿತು. ಅದೇ ತೀರ್ಪಿನಲ್ಲಿ, ಧರ್ಮವನ್ನು ವಸ್ತುನಿಷ್ಠವಾಗಿ ಅಧ್ಯಯನ ಮಾಡಿಸಲು ಅಡ್ಡಿಯಿಲ್ಲ ಎಂದಿತು. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮದ ಬಗ್ಗೆ ಬೋಧಿಸುವುದು ಬೇರೆ ಎಂಬ ಈ ಗೆರೆಯನ್ನು ಮನೆಯವರಿಗೆ ತಿಳಿಸಿ. ನಾಲ್ಕು ವರ್ಷಗಳಲ್ಲಿ ಒಬ್ಬ ಪ್ರಾಧ್ಯಾಪಕರೂ ನನ್ನನ್ನು ನೀನು ದೇವರನ್ನು ನಂಬುತ್ತೀಯಾ ಎಂದು ಕೇಳಲಿಲ್ಲ.

ಅವರು ಕೇಳಿದ್ದು ಇನ್ನೂ ಕಷ್ಟದ ಪ್ರಶ್ನೆಗಳನ್ನು. ಧರ್ಮವೆಂದರೇನು ಎಂದು ಕೇಳುವ ಸಿದ್ಧಾಂತದ ಕೋರ್ಸಿನಲ್ಲಿ ಮೊದಲು ಸಮಾಜಶಾಸ್ತ್ರಜ್ಞರಾದ ಡರ್ಕೈಮ್, ವೇಬರ್, ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಅವರನ್ನು ಓದಿಸಿದರು. ಆಮೇಲೆ 1988ರ ಒಂದು ತೀರ್ಪನ್ನು ಕೈಗಿತ್ತರು. ಉತ್ತರ ಕ್ಯಾಲಿಫೋರ್ನಿಯಾದ ಸಿಕ್ಸ್ ರಿವರ್ಸ್ ರಾಷ್ಟ್ರೀಯ ಅರಣ್ಯದಲ್ಲಿ ಸರ್ಕಾರ ಆರು ಮೈಲಿ ರಸ್ತೆ ಹಾಕಲು ಹೊರಟಿತ್ತು. ಅದು ಹಾದುಹೋಗುವ ಎತ್ತರದ ನೆಲ ಯುರೋಕ್, ಕರುಕ್, ಟೊಲೋವಾ ಜನರಿಗೆ ಪವಿತ್ರ. ರಸ್ತೆಯಿಂದ ಸರಿಪಡಿಸಲಾಗದ ಹಾನಿಯಾಗುತ್ತದೆ ಎಂದು ಅರಣ್ಯ ಇಲಾಖೆ ತಾನೇ ಬರೆಸಿದ ವರದಿಯೂ ಹೇಳಿತ್ತು. ಆದರೂ ಸುಪ್ರೀಂ ಕೋರ್ಟ್ ಸರ್ಕಾರದ ಪರ ನಿಂತಿತು: ನೆಲ ಸರ್ಕಾರದ್ದು, ರಸ್ತೆಯು ಯಾರನ್ನೂ ತಮ್ಮ ನಂಬಿಕೆಗೆ ವಿರುದ್ಧವಾಗಿ ನಡೆಯಲು ಬಲವಂತ ಮಾಡುವುದಿಲ್ಲ. ಓದಿದಾಗ ನನಗೂ ಸರಿಯೆನಿಸಿತು. ಮೂರು ವಾರ ಅದರ ಮೇಲೆ ಪ್ರಬಂಧ ಬರೆದ ಮೇಲೆ ನ್ಯಾಯಾಲಯದ ತರ್ಕದೊಳಗೆ ಅಡಗಿದ್ದ ಊಹೆ ಕಂಡಿತು: ಧರ್ಮವೆಂದರೆ ಎದೆಯೊಳಗಿನ ನಂಬಿಕೆ, ಅದನ್ನು ಎಲ್ಲಿಗಾದರೂ ಹೊತ್ತೊಯ್ಯಬಹುದು. ಬೆಟ್ಟವೇ ಪ್ರಾರ್ಥನೆಯ ಅಂಗವಾಗಿರುವ ಜನರಿಗೆ ಆ ಊಹೆಯಲ್ಲಿ ಜಾಗವೇ ಇರಲಿಲ್ಲ. 1990ರಲ್ಲಿ ಸಂಸತ್ತು ಕಾನೂನಿನ ಮೂಲಕ ಆ ರಸ್ತೆಯನ್ನು ಕೈಬಿಡಿಸಿತು, ಅದು ಬೇರೆ ಮಾತು. ಒಂದು ಪದದ ವ್ಯಾಖ್ಯೆಯಿಂದ ಒಂದು ಜನಾಂಗ ತನ್ನ ಬೆಟ್ಟವನ್ನೇ ಕಳೆದುಕೊಳ್ಳಬಹುದಿತ್ತು ಎಂದು ತಿಳಿದ ದಿನವೇ ನಾನು ಮೇಜರ್ ಅರ್ಜಿಗೆ ಸಹಿ ಹಾಕಿದೆ.

ಇನ್ನು ನಿಮ್ಮ ಅಳುಕು. ಇಲ್ಲಿ ನಾನು ಸುಳ್ಳು ಧೈರ್ಯ ಹೇಳುವುದಿಲ್ಲ, ನಂಬಿಕೆ ಅಲುಗುತ್ತದೆ. ಒಂದು ತರಗತಿಯಲ್ಲಿ ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದದಲ್ಲಿ ವಚನಗಳನ್ನು ಓದುತ್ತಿದ್ದೆವು. ಉಳ್ಳವರು ಶಿವಾಲಯ ಕಟ್ಟುತ್ತಾರೆ, ಬಡವನಾದ ನಾನೇನು ಮಾಡಲಿ ಎಂಬ ಬಸವಣ್ಣನವರ ವಚನ ಬಂತು. ನನಗದು ಬಾಲ್ಯದಿಂದ ಬಾಯಿಪಾಠ. ಪಕ್ಕದಲ್ಲಿದ್ದ ಸಹಪಾಠಿ ಕೇಳಿದ: “ಇವರು ರಾಜನ ಭಂಡಾರಿಯಾಗಿದ್ದರಲ್ಲವೇ? ಬಡವ ಎಂದು ಯಾಕೆ ಹೇಳಿಕೊಳ್ಳುತ್ತಾರೆ?” ನನ್ನ ಮೈಯೆಲ್ಲ ಉರಿದುಹೋಯಿತು. ಉತ್ತರ ಮಾತ್ರ ಹೊಳೆಯಲಿಲ್ಲ. ಆ ಸೆಮಿಸ್ಟರ್ ಪೂರ್ತಿ ಆ ‘ಬಡವ’ನ ಹಿಂದೆಯೇ ಅಲೆದೆ. ಬಿಜ್ಜಳನ ಭಂಡಾರದ ಲೆಕ್ಕ ನೋಡುತ್ತಿದ್ದವರಿಗೆ ಆ ಹಣ ತಮ್ಮದಲ್ಲವೆಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತೇನೋ ಎಂದು ಈಗ ನನಗೆ ಅನಿಸುತ್ತದೆ. ಇದು ನನ್ನ ಓದು, ನೀವು ಒಪ್ಪಬೇಕಿಲ್ಲ. ಆದರೆ ಬಾಯಿಪಾಠದ ವಚನ ಅರ್ಥವಾಗತೊಡಗಿದ್ದು ಅಂದಿನಿಂದಲೇ. ನನ್ನ ನಂಬಿಕೆ ಉಳಿಯಿತು, ಮೊದಲಿನ ನಿಶ್ಚಿಂತೆ ಉಳಿಯಲಿಲ್ಲ. ನನ್ನ ಜೊತೆ ಓದಿದವರಲ್ಲಿ ನಂಬಿಕೆ ತೊರೆದವರೂ ಇದ್ದಾರೆ, ಹೊಸದಾಗಿ ಕಂಡುಕೊಂಡವರೂ ಇದ್ದಾರೆ.

ಕೆಲಸದ ವಿಷಯ. ಧರ್ಮ ಓದಿದವರು ಕಾನೂನು, ಪತ್ರಿಕೋದ್ಯಮ, ಶಿಕ್ಷಣ, ಸಮಾಜಸೇವೆ ಎಂದು ಹಲವು ಕಡೆ ಹೋಗುತ್ತಾರೆ. ಆ ಮಾತು ಅಮೆರಿಕದ ಪ್ರಜೆಗಳಿಗೆ ಸಲೀಸು. ನೀವು ವಿದೇಶಿ ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿದ್ದರೆ ಲೆಕ್ಕ ಬೇರೆ. ಪದವಿಯ ನಂತರ ಕೆಲಸ ಮಾಡಲು ಓಪಿಟಿ ಎಂಬ ಅನುಮತಿ ಕೊಡುವುದು 12 ತಿಂಗಳು. ವಿಜ್ಞಾನ, ತಂತ್ರಜ್ಞಾನ, ಗಣಿತದ ಮೇಜರ್‌ಗಳಿಗೆ ಸಿಗುವ 24 ತಿಂಗಳ ವಿಸ್ತರಣೆ ಧರ್ಮ ಅಧ್ಯಯನಕ್ಕಿಲ್ಲ. ಮಾಡುವ ಕೆಲಸಕ್ಕೂ ಮೇಜರ್‌ಗೂ ನೇರ ಸಂಬಂಧವನ್ನು ತೋರಿಸಬೇಕು. ಇದನ್ನು ನನಗೆ ಯಾರೂ ಹೊತ್ತಿಗೆ ಸರಿಯಾಗಿ ಹೇಳಲಿಲ್ಲ, ಮೂರನೇ ವರ್ಷದಲ್ಲಿ ತಿಳಿದಾಗ ಒಂದು ರಾತ್ರಿಯಿಡೀ ಅತ್ತೆ. ಕೊನೆಗೆ ಆ ವಿಸ್ತರಣೆಗೆ ಅರ್ಹವಾದ ಸಂಖ್ಯಾಶಾಸ್ತ್ರವನ್ನು ಎರಡನೇ ಮೇಜರ್ ಆಗಿ ಸೇರಿಸಿಕೊಂಡೆ. ಮೂರನೇ ವರ್ಷದಲ್ಲಿ ಶುರು ಮಾಡಿದ್ದರಿಂದ ಉಸಿರಾಡಲೂ ಬಿಡುವಿರಲಿಲ್ಲ. ನಿಮಗಿನ್ನೂ ಸಮಯವಿದೆ, ಸಾಮಾನ್ಯವಾಗಿ ಮೇಜರ್ ಘೋಷಿಸಬೇಕಾದದ್ದು ಎರಡನೇ ವರ್ಷದ ಕೊನೆಗೆ. ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಈ ತಿಂಗಳೇ ಹೋಗಿ, ಎರಡು ಮೇಜರ್‌ಗಳ ಸಾಧ್ಯತೆಯನ್ನು ಕೇಳಿ.

ಮೇಜರ್ ಘೋಷಿಸುವ ಮೊದಲು ಸಿದ್ಧಾಂತದ ಕೋರ್ಸನ್ನು ತೆಗೆದುಕೊಳ್ಳಿ. ಬೌದ್ಧ ಧರ್ಮ, ಇಸ್ಲಾಂ, ಬೈಬಲ್ ಎಂಬ ಹೆಸರಿನ ಕೋರ್ಸುಗಳು ಯಾರನ್ನಾದರೂ ಸೆಳೆಯುತ್ತವೆ. ಸಿದ್ಧಾಂತದ ಕೋರ್ಸಿನಲ್ಲಿ ವಾರಕ್ಕೆ ಇನ್ನೂರು ಪುಟ ಓದಿ, ನಿಮಗೆ ಪ್ರಿಯವಾದದ್ದನ್ನು ಬೇರೆಯವರು ಬಿಡಿಸಿ ನೋಡುವಾಗ ಎದ್ದು ಹೋಗದೆ ಕೂತಿರಲು ಸಾಧ್ಯವಾಯಿತೇ ಎಂದು ಡಿಸೆಂಬರ್‌ನಲ್ಲಿ ನನಗೆ ಬರೆಯಿರಿ.